ಕಣ್ಣಿನ ಕೆಂಪು

ಚಂದ್ರಮತಿ ತಾನು ಕೆತ್ತಿದ ಅಜ್ಜಿಗೊಂಬೆಯ ಮುಖಕ್ಕೆ ಬಟ್ಟೆ ಕಟ್ಟಿಟ್ಟಿದ್ದಳು. ಕಿಟಕಿಯ ಮುಂದೆ ಯಾರು ಸುಳಿದರೂ ಎದ್ದು ಹೋಗಿ ಗಂಟು ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದಳು.

ದೆಹಲಿಯಲ್ಲಿ ಟೆಲಿವಿಷನ್ ಶುರುವಾಗಿತ್ತು. ಮೈಸೂರಿನಲ್ಲಿ ಅದನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಮಕ್ಕಳಿಗೆ ಕತೆ ಹೇಳಲು ಅಜ್ಜಿಯದೊಂದು ಸೂತ್ರದ ಗೊಂಬೆ ಬೇಕೆಂದು ಅಲ್ಲಿನ ಅಧಿಕಾರಿಯೊಬ್ಬರು ಬಂದು ಹೇಳಿ ಹೋಗಿದ್ದರು. ಗೊಂಬೆಗಳನ್ನು ಟೌನ್‌ಹಾಲಿಗೆ ತರಬೇಕು, ಒಪ್ಪಿಗೆಯಾದ ಗೊಂಬೆಯ ಜೊತೆ ಒಂದು ಹೆಸರನ್ನು ತೆರೆಯ ಮೇಲೆ ತೋರಿಸುತ್ತಾರೆ. ಚಂದ್ರಮತಿಗೆ ಬೇಕಾಗಿದ್ದುದು ಆ ಹೆಸರೊಂದೇ. ತೀರಿಕೊಂಡ ಅಪ್ಪ, ಗೊಂಬೆ ಕೆತ್ತುವ ದೇವಯ್ಯನ ಹೆಸರು ಚಾಮರಾಜಪುರಂನ ಆಚೆಗೆ ಹೋಗಿರಲಿಲ್ಲ; ತೆರೆಯ ಮೇಲೆ ಅದನ್ನೇ ಹಾಕಿಸಬೇಕೆಂದಿದ್ದಳು.

ಅಡ್ಡ ಬರಬಹುದಾದವನು ಮಹದೇವು. ದೇವಯ್ಯನ ಬಳಿಯೇ ಉಳಿ ಹಿಡಿಯಲು ಕಲಿತು, ಈಗ ವಿದ್ಯಾರಣ್ಯಪುರಂನಲ್ಲಿ ಅಂಗಡಿ ಇಟ್ಟಿದ್ದ. ಇವಳು ಗೊಂಬೆಗೆ ಆಡುವ ದವಡೆ ಕೂರಿಸಿದರೆ, ಅವನ ಗೊಂಬೆಯೂ ಬಾಯಿ ಬಿಡುತ್ತಿತ್ತು.

"ನಾವು ಕೆಮ್ಮಿದ್ರೂ ಅವನ ಗೊಂಬೆ ಕೆಮ್ತದೆ ಕಣಮ್ಮ," ಎನ್ನುತ್ತಿದ್ದಳು ತಾಯಿ ಶಿವನಂಜಮ್ಮ.

ಈ ಸಲ ಅವನ ಕಣ್ಣಿಗೆ ಬೀಳಬಾರದ ಗುಟ್ಟೊಂದಿತ್ತು. ದೇವಯ್ಯನ ಮನೆಯ ಗೊಂಬೆಗಳ ಕಣ್ಣಂಚಿಗೆ ಕೆಂಪು ಗೆರೆ ಎಳೆಯುವುದು ವಾಡಿಕೆ. ಜೀವ ಇರೋ ಕಣ್ಣಲ್ಲಿ ರಕ್ತ ಇರ್ಬೇಕು ಎನ್ನುತ್ತಿದ್ದ ಆತ. ಆದರೆ ಚಂದ್ರಮತಿ ಗೊಂಬೆಯ ಫೋಟೋ ತೆಗೆಸಿದಾಗ ಆ ಕೆಂಪು ಕಪ್ಪಾಗಿ ಬಂತು. ಅಜ್ಜಿಗೆ ಕಣ್ಣಿನ ಜಾಗದಲ್ಲಿ ಎರಡು ಗುಂಡಿ. ಟೆಲಿವಿಷನ್ನಿನಲ್ಲೂ ಬಣ್ಣ ಇರುವುದಿಲ್ಲ, ಹೀಗೇ ಕಾಣುತ್ತದೆ ಎಂದ ಸ್ಟುಡಿಯೋದವನು. ಅವಳು ಕೆಂಪನ್ನು ಕೆರೆದು ತೆಗೆದು ತಿಳಿಹಳದಿ ಎಳೆದಳು. ಅಪ್ಪನ ಮಾತು ಮೀರಿದ ಸಂಕಟ ಕೈಯಲ್ಲೇ ಉಳಿಯಿತು.

ಟೌನ್‌ಹಾಲಿಗೆ ಹೋಗಬೇಕಾದ ದಿನದ ಹಿಂದಿನ ಮಧ್ಯಾಹ್ನ ಮಹದೇವು ಬಾಗಿಲಿಗೆ ಬಂದ. ಕಂಕುಳಲ್ಲಿ ಪಂಚೆ ಸುತ್ತಿದ ಗೊಂಬೆ.

"ಏನಪ್ಪಾ, ನೋಡ್ಕೊಂಡ್ ಹೋಗಕ್ ಬಂದ್ಯಾ?" ಎಂದಳು ಶಿವನಂಜಮ್ಮ.

"ಇಲ್ಲ ಕಣವ್ವ, ಕಣ್ಣು ಬಿಡಿಸ್ಕೊಂಡು ಹೋಗಕ್ಕೆ."

ಅದೂ ಆ ಮನೆಯದೇ ಕಟ್ಟಳೆ. ಊರು ಬಿಟ್ಟು ಹೋಗುವ ಗೊಂಬೆಗೆ ಗುರುವಿನ ಮನೆಯವರೇ ಕಣ್ಣು ಬರೆಯಬೇಕು. ಅವನ ಅಜ್ಜಿಗೊಂಬೆಯ ಕಣ್ಣು ಇನ್ನೂ ಬರಿಯ ಬಿಳುಪು.

ಚಂದ್ರಮತಿ ಗೊಂಬೆಯನ್ನು ತಿರುಗಿಸಿ ನೋಡಿದಳು. ಬಾಗಿದ ಬೆನ್ನು, ಸೊರಗಿದ ಕೆನ್ನೆ, ಎಲ್ಲ ಅವಳ ಗೊಂಬೆಯಂತೆಯೇ. ಕಿವಿ ಮಾತ್ರ ಬೇರೆ. ಓಲೆಯ ಭಾರಕ್ಕೆ ಹರಿದು ಜೋತ ಹಾಲೆ, ಕತ್ತು ಆಡಿದರೆ ತೂಗುತ್ತಿತ್ತು. ಅಪ್ಪ ತನ್ನ ತಾಯಿಯ ಕಿವಿ ನೆನೆದು ಅಜ್ಜಿಗೊಂಬೆಗಳಿಗೆ ಹಾಗೆ ಕೆತ್ತುತ್ತಿದ್ದ. ಮಗಳಾದ ಅವಳು ಮರೆತಿದ್ದಳು. ಮಹದೇವು ಮರೆತಿರಲಿಲ್ಲ.

ಕುಂಚವನ್ನು ಕೆಂಪಿಗೆ ಅದ್ದಿದಳು. ಹಾಗೇ ಎಳೆದುಬಿಟ್ಟರೆ ಅವನ ಗೊಂಬೆ ದೆಹಲಿಯಲ್ಲಿ ಕುರುಡು. ಅವನು ಕೇಳಿದ್ದೂ ಅದನ್ನೇ. ಯಾರೂ ತಪ್ಪು ಹೊರಿಸುವಂತಿರಲಿಲ್ಲ.

"ಯಾಕಕ್ಕ, ನಿಲ್ಲಿಸ್ಬುಟ್ರಿ?"

ಅವಳು ಎದ್ದು ಹೋಗಿ ಫೋಟೋ ತಂದು ಅವನ ಮುಂದಿಟ್ಟಳು. "ನೋಡು. ಟೆಲಿವಿಷನ್ನಲ್ಲಿ ಕೆಂಪು ಹಿಂಗೆ ಕಾಣ್ತದೆ."

"ಅಯ್ಯೋ! ಕಣ್ಣೇ ಕಿತ್ತಂಗದಲ್ಲ!" ಅವನು ಫೋಟೋವನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದ. "ನೀವೇನ್ ಮಾಡುದ್ರಿ?"

"ಹಳದಿ ಎಳೆದೆ."

"ಗುರುಗಳ ಕೆಂಪು?"

ಅವಳು ಕುಂಚದ ಕೆಂಪನ್ನು ಬಟ್ಟೆಗೆ ಒರೆಸತೊಡಗಿದಳು.

"ಅಕ್ಕ, ಮೊದ್ಲು ಕೆಂಪೇ ಎಳೀರಿ. ಒಣಗಿದ್ ಮ್ಯಾಲೆ ಅದು ಮುಚ್ಚೋ ಹಂಗೆ ಹಳದಿ ಎಳೀರಿ. ಕಾಣ್ದಿದ್ರೆ ಏನು? ರಕ್ತ ಒಳಗೇ ತಾನೇ ಇರೋದು?"

ಹಾಗೇ ಬರೆದಳು. ಒಳಗಿನಿಂದ ಶಿವನಂಜಮ್ಮ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಟ್ಟಳು.

ಮರುದಿನ ಅಧಿಕಾರಿ ಎರಡೂ ಅಜ್ಜಿಗೊಂಬೆಗಳನ್ನು ಆಡಿಸಿ ನೋಡಿದರು. ಜೋತುಬಿದ್ದ ಕಿವಿ ತೂಗಿದಾಗ ನಕ್ಕು, ಮಹದೇವುವಿನ ಗೊಂಬೆಯನ್ನು ಎತ್ತಿಟ್ಟುಕೊಂಡರು.

"ಯಾವ ಹೆಸರು ಹಾಕೋಣ?"

ಮಹದೇವು ಚಂದ್ರಮತಿಯ ಕಡೆ ನೋಡಿದ. ಅವನ ತುಟಿ ಒಮ್ಮೆ ಅಲುಗಿತು. ಅಪ್ಪನ ಹೆಸರು ಹೇಳಿಯಾನೆಂದು ಅವಳು ಕಾದಳು.

"ಮಹದೇವು," ಎಂದ ಅವನು. ಆಮೇಲೆ ತಲೆ ಎತ್ತಲಿಲ್ಲ.

ಅವಳು ತನ್ನ ಗೊಂಬೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದಳು. ಕೈಕಾಲು ತೊಳೆದು ಕೂತು, ಗೊಂಬೆಯ ಕಣ್ಣಿನ ಹಳದಿಯನ್ನು ನಿಧಾನವಾಗಿ ಕೆರೆದಳು. ಕೆಂಪು ಎಳೆದಳು, ಒಣಗಲು ಬಿಟ್ಟಳು, ಅದರ ಮೇಲೆ ಹಳದಿ ಎಳೆದಳು.

"ಕಾಣದೆ ಇರೋ ಬಣ್ಣ ಯಾಕಮ್ಮ ಬಳೀತಿದ್ದೀಯ?" ಎಂದಳು ಶಿವನಂಜಮ್ಮ. "ಯಾರ್ ಹೇಳ್ಕೊಟ್ರು ಇದನ್ನ, ನಿಮ್ಮಪ್ಪನಾ?"

ಚಂದ್ರಮತಿ ಕುಂಚ ತೊಳೆದಿಟ್ಟಳು.

"ಇಲ್ಲಮ್ಮ," ಎಂದಳು. "ಮಹದೇವು."