ಬರೂನಾಡು

ಹೆಣದ ವಿಮಾನ ಹೊತ್ತವರು ಸ್ಮಶಾನದ ಕಡೆ ತಿರುಗುತ್ತಿದ್ದಂತೆ ಪರಮೇಶ್ವರಪ್ಪ ಓಡಿಬಂದು ದಾರಿಗೆ ಅಡ್ಡ ನಿಂತ.

“ಇತ್ತಾಗ ಬ್ಯಾಡ. ಕೆರಿ ಕಡೆ ನಡೀರಿ.”

ವಿಮಾನದಲ್ಲಿ ಬಿದಿರಿಗೆ ಒರಗಿಸಿ ಕೂರಿಸಿದ್ದ ಅನ್ನವ್ವನ ತಲೆ ಒಂದು ಕಡೆ ವಾಲಿತು. ಅವನ ಸಣ್ಣ ಮಗಳು. ಇಪ್ಪತ್ತೆರಡು ವರ್ಷ.

ದೊಡ್ಡ ಮಗಳ ಗಂಡ ಕರಬಸಪ್ಪ ಹೆಗಲು ಬದಲಿಸಿದ. “ಮಾವಾರ, ಕುಣಿ ತಗದಾರ. ಐನಾರು ಕಾಯಾಕತ್ತಾರ. ಹೊತ್ತು ಮುಣಗಾಕ ಬಂತು. ಕೆರ್‍ಯಾಗ ಏನೈತ್ರಿ?”

“ನೀರೈತಿ. ಆಕಿ ನೋಡಿಲ್ಲ.”

ಹಿಂದಿನಿಂದ ದೊಡ್ಡ ಮಗಳು ನಾಗವ್ವ ಕೂಗಿದಳು. “ಜೀವ ಇದ್ದಾಗ ತೋರಸಲಿಲ್ಲ. ಈಗ್ಯಾಕಪ್ಪಾ?”

ಅವನು ದಾರಿ ಬಿಡಲಿಲ್ಲ.

*

ಎರಡನೆಯ ವಯಸ್ಸಿನಲ್ಲಿ ಬಂದ ಜ್ವರ ಅನ್ನವ್ವನ ಎರಡೂ ಕಾಲುಗಳ ಶಕ್ತಿಯನ್ನು ಕಸಿದಿತ್ತು. 1934ರಲ್ಲಿ ನಾಗವ್ವನನ್ನು ನೋಡಲು ಹಿರೇಬೆಂಡಿಗೇರಿಗೆ ಬೀಗರು ಬಂದರು. ಮನೆಯಲ್ಲಿ ಇಂಥ ಕೂಸಿದೆ ಎಂದು ತಿಳಿದರೆ ಸಂಬಂಧ ಮುರಿದೀತೆಂದು ಪರಮೇಶ್ವರಪ್ಪ ಎಂಟು ವರ್ಷದ ಅವಳನ್ನು ಎತ್ತಿ ಹಿಂದಿನ ಕಾಳಿನ ಕೋಣೆಯಲ್ಲಿಟ್ಟ. ಒಂದು ದಿನದ ಮಾತು ಎಂದುಕೊಂಡಿದ್ದ. ಮದುವೆಯಾಯಿತು, ನಾಗವ್ವನ ಬಾಣಂತನವಾಯಿತು. ಮೂರು ವರ್ಷದ ಮೇಲೆ ಕರಬಸಪ್ಪನಿಗೆ ವಿಷಯ ಗೊತ್ತಾಯಿತು. ಅವನು ಏನೂ ಅನ್ನಲಿಲ್ಲ. ಅಷ್ಟು ದಿನ ಮುಚ್ಚಿಟ್ಟದ್ದನ್ನು ಊರಿಗೆ ತೋರಿಸುವ ಮುಖ ಮಾತ್ರ ಪರಮೇಶ್ವರಪ್ಪನಿಗೆ ಇರಲಿಲ್ಲ.

ಆ ಕೋಣೆಯ ಗೋಡೆಗೆ ಮಳೆನೀರು ಇಳಿದು ಸುಣ್ಣದ ಮೇಲೆ ಕಲೆಗಳಾಗಿದ್ದವು. ಅನ್ನವ್ವ ಅಲ್ಲಿ ಒಂದು ದೇಶ ಕಂಡಳು. ಬರೂನಾಡು ಎಂದು ಹೆಸರಿಟ್ಟಳು. ಕಾಲಿಗೆ ಎಣ್ಣೆ ತಿಕ್ಕಲು ಬರುತ್ತಿದ್ದ ನೆರೆಮನೆಯ ಬಾನುಬಿಗೆ ದಿನವೂ ಅದರದೇ ಸುದ್ದಿ.

“ಅಲ್ಲಿ ಮಂದಿ ನಡಿಯೂದಿಲ್ಲ, ಬಾನುಬಿ. ಗುಡ್ಡನ ಎದ್ದು ಬರ್ತಾವು. ಹೊಳಿ ಬಾಗಲಕ ನಿಂತು ಕೇಳತೈತಿ, ಒಳಗ ಬರ್ಲ್ಯಾ ಅಂತ. ಅಡವಿಗೆ ದಣಿವಾತಂದ್ರ ಅಂಗಳದಾಗ ಮಲಗತೈತಿ.”

ಅಪ್ಪ ಮೋಜಣಿಯವರ ಸರಪಳಿ ಹಿಡಿದು ತಾಲೂಕೆಲ್ಲ ಹೊಲ ಅಳೆಯುವವನು. ಒಮ್ಮೆ ಅವನನ್ನೂ ಕೇಳಿದ್ದಳು.

“ಅಪ್ಪಾ, ಕೆರಿ ಎಷ್ಟು ದೊಡ್ಡದಿರತೈತಿ? ಈ ಖೋಲ್ಯಾಗ ಹಿಡಸತೈತೇನು?”

“ಸುಗ್ಗಿ ಮುಗೀಲಿ. ಹೊತಗೊಂಡು ಹೋಗಿ ತೋರಸ್ತೇನಿ.”

ಕೆರೆ ಮನೆಯಿಂದ ಎರಡು ಫರ್ಲಾಂಗು. ಹನ್ನೆರಡು ಸುಗ್ಗಿ ಮುಗಿದವು.

*

ಹೆಂಗಸರ ನಡುವಿನಿಂದ ಬಾನುಬಿ ಮುಂದೆ ಬಂದಳು.

“ಕರಬಸಪ್ಪಾರ, ಹೋಗ್ರಿ. ನಿನ್ನೆ ಉಸಿರು ಹತ್ತಿದಾಗ್ಲೂ ಕೇಳಿದ್ಲು, ಕೆರಿ ಎಲ್ಲೀತನ ಬಂತು ಅಂತ. ಓಣಿ ತಿರುವಿಗೆ ಬಂದೈತಿ ಅಂತ ಸುಳ್ಳ ಹೇಳಿದೆ.” ಸೆರಗನ್ನು ಬಾಯಿಗೆ ಒತ್ತಿಕೊಂಡಳು. “ಬಾಗಲಾ ತಗೀ ಅಂದ್ಲು.”

ಕರಬಸಪ್ಪ ಕೆರೆಯತ್ತ ಹೆಜ್ಜೆ ಹಾಕಿದ. ಉಳಿದವರೂ ತಿರುಗಿದರು.

ಏರಿಯ ಮೇಲೆ ವಿಮಾನ ಇಳಿಸಿದರು. ಕೆರೆ ತುಂಬಿತ್ತು; ಆಚೆಯ ದಡ ಮಬ್ಬಾಗಿ ಕಾಣುತ್ತಿತ್ತು. ಪರಮೇಶ್ವರಪ್ಪ ಮಗಳ ತಲೆಯನ್ನು ನೆಟ್ಟಗೆ ಮಾಡಿ, ಹಣೆಯ ವಿಭೂತಿಗೆ ಅಂಟಿದ್ದ ಕೂದಲು ಸರಿಸಿದ.

“ಅನ್ನವ್ವಾ... ಕೆರಿ,” ಅಂದ.

ಕೆಳಗೆ ಬಟ್ಟೆ ಒಗೆಯುತ್ತಿದ್ದ ಹುಡುಗಿಯೊಬ್ಬಳು ಎದ್ದು ನಿಂತಳು. ಹೋದ ವರ್ಷ ಹುಲಗೂರಿನಿಂದ ಸೊಸೆಯಾಗಿ ಬಂದವಳು. ಮನೆ ಪರಮೇಶ್ವರಪ್ಪನ ಓಣಿಯಲ್ಲೇ; ನಸುಕಿಗೇ ಹೊಲಕ್ಕೆ ಹೋಗಿ ಅಲ್ಲಿಂದ ನೇರ ಕೆರೆಗೆ ಬಂದಿದ್ದಳು.

“ಯಾರ್ರೀ ತೀರಿಕೊಂಡವರು?”

“ಪರಮೇಶ್ವರಪ್ಪನ ಸಣ್ಣ ಮಗಳು,” ಅಂದಳು ಬಾನುಬಿ.

“ಅವರಿಗೆ ಇನ್ನೊಬ್ಬಾಕಿ ಮಗಳಿದ್ಲೇನ್ರಿ?”

ಪರಮೇಶ್ವರಪ್ಪ ನೀರಿಗೆ ಬೆನ್ನು ಮಾಡಿ ಕುಸಿದು ಕುಳಿತು ರುಮಾಲಿನಲ್ಲಿ ಮುಖ ಹುದುಗಿಸಿದ. ಹೊತ್ತು ಮುಳುಗುವ ಭಯಕ್ಕೆ ಉಳಿದವರೆಲ್ಲ ಪಡುವಣದತ್ತ ನೋಡುತ್ತಿದ್ದರು. ಕೆರೆಗೆ ಮುಖ ಮಾಡಿ ಕುಳಿತವಳು ಅನ್ನವ್ವ ಒಬ್ಬಳೇ.