ಸೋಮವ್ವನ ಕಣ್ಣಿನ ಔಷಧ

ಕಬ್ಬಿನ ಗರಿ ಬಡಿದು ಭುವನೇಶ್ವರಿಯ ಎಡಗಣ್ಣು ಕೆಂಪಾದ ದಿನವೇ ಕೃಷ್ಣೆಗೆ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಿದ್ದರು. ನಡುಗಡ್ಡೆಯ ಹದಿನಾಲ್ಕು ಮನೆಗಳಿಗೆ ಆಚೆ ದಂಡೆ ಕಾಣುತ್ತಿತ್ತು, ಮುಟ್ಟುವಂತಿರಲಿಲ್ಲ.

ಒಂಬತ್ತು ವರ್ಷದ ಮಗಳು ಬೆಳಕಿಗೆ ಕಣ್ಣು ತೆರೆಯದೆ ಮೂಲೆ ಹಿಡಿದಾಗ ಕಸ್ತೂರಿ ಒದ್ದೆ ಬಟ್ಟೆ ಒತ್ತಿ ನೋಡಿದಳು. ಅತ್ತೆ ಸೋಮವ್ವ ಗಡಿಗೆಯ ತಂಪಿನಲ್ಲಿಟ್ಟಿದ್ದ ಬಾಟ್ಲಿ ತೆಗೆದಳು. ಬೇಸಿಗೆಯಲ್ಲಿ ಹುನಗುಂದಕ್ಕೆ ಹೋಗಿ ಪೊರೆ ತೆಗೆಸಿಕೊಂಡಾಗ ಕೊಟ್ಟ ಹನಿ ಔಷಧ ಅದು. ನಡುಗಡ್ಡೆಯಲ್ಲಿ ಅಂಥದ್ದನ್ನು ಯಾರೂ ಚೆಲ್ಲುವುದಿಲ್ಲ. ಒಬ್ಬರದು ಉಳಿದರೆ ಎಲ್ಲರ ಕಣ್ಣಿಗೂ ಆಗುತ್ತದೆ. ಸೋಮವ್ವ ತನಗೆ ಕಡಿಮೆ ಹಾಕಿಕೊಂಡು ಉಳಿಸಿದ್ದಳು.

"ಮುದುಕಿಗೆ ಜಗತ್ತು ತೋರಿಸೇತಿ, ಈ ಗುಬ್ಬಿಗೆ ತೋರಸೂದಿಲ್ಲೇನು? ಹಾಕು."

ಕಸ್ತೂರಿ ಹಾಕಿದಳು. ಎರಡೇ ದಿನಕ್ಕೆ ನೋವೂ ಕೆಂಪೂ ಇಳಿದವು. ಮೂರನೆಯ ದಿನ ದೋಣಿಯ ಯಮನಪ್ಪ ಬಾಗಿಲಿಗೆ ಬಂದ.

"ನೀರು ಒಂಚೂರು ಇಳದೈತಿ. ದವಾಖಾನಿಗೆ ಬರ್ತಿ ಏನವ್ವಾ?"

"ಕಡಿಮಿ ಆಗೈತಣ್ಣ. ಜೀವಾ ಯಾಕ ಒತ್ತಿ ಇಡ್ತಿ?"

ಮರುದಿನ ಹೊಳೆ ಮತ್ತೆ ಏರಿತು. ಆರು ದಿನ ಕಳೆದು ದೋಣಿ ಬಿಡುವಷ್ಟರಲ್ಲಿ ಕಣ್ಣಿನ ಕರಿಗುಡ್ಡೆಯ ಮೇಲೆ ಬಿಳಿ ಮಚ್ಚೆ ಕೂತಿತ್ತು.

ಬಾಗಲಕೋಟೆಯ ಡಾಕ್ಟರಮ್ಮ ಬಾಟ್ಲಿಯನ್ನು ಬೆಳಕಿಗೆ ಹಿಡಿದು ಓದಿದರು. "ಇದು ಆಪರೇಶನ್ ಆದವರಿಗೆ, ತಾಯಿ. ಗರಿ ಬಡದ ಕಣ್ಣಾಗ ಬೂಷ್ಟು ಬೆಳೀತೈತಿ. ಇದು ಉರಿ ಆರಿಸಿ ಬೂಷ್ಟಿಗೆ ದಾರಿ ಬಿಟ್ಟೈತಿ."

ಇಪ್ಪತ್ತು ದಿನ ಆಸ್ಪತ್ರೆಯಲ್ಲಿ ಕಳೆದ ಮೇಲೆ ಕಣ್ಣು ಉಳಿಯಿತು. ಆದರೆ ಅದಕ್ಕೆ ಬೆಳಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅತ್ತೆಗೆ ಹೇಳಬಾರದು ಎಂದು ಕಸ್ತೂರಿ ಬಸ್ಸಿನಲ್ಲೇ ನಿಶ್ಚಯಿಸಿದ್ದಳು. ನೋಡಲು ಬಂದವರಿಗೆಲ್ಲ ಸೋಮವ್ವ, "ನನ್ನ ಔಷಧ ಇತ್ತಂತ ಕಣ್ಣಾದ್ರೂ ಉಳೀತು" ಎಂದಾಗಲೂ ತುಟಿ ಬಿಚ್ಚಲಿಲ್ಲ.

ಮರುದಿನ ನೆರೆಮನೆಯ ಮಕ್ತುಮಬಿ ಬಂದಳು. "ಸೋಮವ್ವಕ್ಕ, ನಮ್ಮ ಆಸಿಫನ ಕಣ್ಣಿಗೂ ಗರಿ ಬಡದೈತಿ. ಆ ಬಾಟ್ಲಿ ಕೊಡು."

"ಕಸ್ತೂರಿ, ಕೊಡವ್ವ."

ಕಸ್ತೂರಿ ಎದ್ದಳು, ಮತ್ತೆ ಕೂತಳು.

"ಇಲ್ಲತ್ತಿ. ಭುವಿ ಕಣ್ಣು ಹೋಗಿದ್ದು ಅದರಿಂದನ. ಹಾಕಿದಾಕಿ ನಾನು. ಯಮನಪ್ಪಣ್ಣ ಕರದಾಗ ಒಲ್ಲೆ ಅಂದಾಕಿನೂ ನಾನ."

ಮಕ್ತುಮಬಿ ಒಮ್ಮೆ ಸೊಸೆಯನ್ನು, ಒಮ್ಮೆ ಅತ್ತೆಯನ್ನು ನೋಡಿದಳು. ಸೋಮವ್ವನ ತೊಡೆಯ ಮೇಲೆ ಮೊಮ್ಮಗಳ ತಲೆಯಿತ್ತು. ಹೆರಳು ಹಾಕುತ್ತಿದ್ದ ಬೆರಳುಗಳು ಅರ್ಧಕ್ಕೇ ನಿಂತಿದ್ದವು.

"ಮಕ್ತುಮಾ," ಎಂದಳು ಸೋಮವ್ವ, "ಹೊಳಿ ಏರೂದ್ರಾಗ ಹುಡುಗನ್ನ ದಾಟಿಸು. ಯಾರ ಮಾತೂ ಕೇಳಬ್ಯಾಡ. ನಂದೂ."