ಅಡುಗೆಮನೆ ಬಾಗಿಲಲ್ಲಿ ಮರಮ್ಮ

ಒಳಗೆ ಸಾಸಿವೆ ಸಿಡಿಯಿತು, ಎರಡನೇ ತಂತಿ ಇಳಿದಿದೆ, ಹುಣಸೂರಿನ ಆಗಸ್ಟ್ ಥಂಡಿಗೆ ಗಿಟಾರೂ ಗಂಟಲೂ ಒಟ್ಟಿಗೇ ಕೈಕೊಡುತ್ತವೆ, ಇನ್ನೊಂದು ಚೂರು ಬಿಗಿ, ಸಾಕು, ಹರಿದೀತು — ಒಣಮೆಣಸಿನಕಾಯಿ ಘಾಟು ನಡುಮನೆವರೆಗೂ ಬಂದು ಮುಂದೆ ಕೂತ ಕೆ.ಆರ್. ನಗರದ ಮೇಷ್ಟ್ರು ಕೆಮ್ಮುತ್ತಿದ್ದಾರೆ, ಜಮಖಾನದ ಮೇಲೆ ಮೂವತ್ತು ಜನ, ಮೈಕಿಲ್ಲ, ಲೈಟಿಲ್ಲ, ಸಂಜೆ ನಾಲ್ಕೂವರೆಯ ಬೆಳಕಿನಲ್ಲಿ ಎಲ್ಲರ ಮುಖವೂ ಕಾಣುತ್ತದೆ, ಮನೆಯೊಳಗೆ ಹಾಡುವುದರ ಪೀಕಲಾಟವೇ ಇದು, ಸ್ಟೇಜಾದರೆ ಎದುರಿನ ಕತ್ತಲಿಗೆ ಹಾಡಿ ಇಳಿದುಬಿಡಬಹುದು, ಇಲ್ಲಿ ಮುಖಕ್ಕೆ ಮುಖ ಕೊಟ್ಟು ಹಾಡಬೇಕು. ಆರು ಹಾಡು ಮುಗಿದವು, ಏಳನೆಯದು ಅದೇ, ಗುಬ್ಬಿ ಹಾಡು, ಅದಕ್ಕೇ ಅಲ್ಲವೇ ಎಲ್ಲರೂ ಬಂದಿರುವುದು, ಹೆಚ್.ಡಿ. ಕೋಟೆಯಿಂದ ಎರಡು ಬಸ್ಸು ಬದಲಿಸಿ ಬಂದ ಆ ಹುಡುಗಿ ಬಾಗಿಲಲ್ಲೇ ಹೇಳಿದಳಲ್ಲ, ಮೇಡಂ, ನಮ್ಮಜ್ಜಿ ಹೋದಾಗ ನಿಮ್ಮ ಗುಬ್ಬಿ ಹಾಡನ್ನೇ ದಿನಾ ಕೇಳ್ತಿದ್ದೆ, ನಾನು ನಾಚಿಕೊಂಡವಳ ಹಾಗೆ ನಕ್ಕೆ, ಆ ನಗು ನನಗೆ ಚೆನ್ನಾಗಿ ಅಭ್ಯಾಸವಾಗಿದೆ. ಮನೆಯ ಯಜಮಾನ ಚೇತನ್‌ಕುಮಾರ್ ಎದ್ದು, ಮುಂದಿನ ಹಾಡು ಯಾವ್ದೂಂತ ನಾನು ಹೇಳ್ಬೇಕಾಗಿಲ್ಲ, ಕೊನೇ ಸಾಲನ್ನ ಎಲ್ಲರೂ ಸೇರಿ ಹಾಡೋಣ ಅನ್ನುತ್ತಿದ್ದಾರೆ, ಅವರ ಹೆಂಡತಿ ಸಿಂಧು ಅಡುಗೆಮನೆ ಕಡೆ ತಿರುಗಿ, ಮರಮ್ಮ, ಒಲೆ ಸಣ್ಣ ಮಾಡಿ ಬಾ, ಈ ಹಾಡೊಂದು ಕೇಳ್ಕೊಂಡು ಹೋಗು ಅನ್ನುತ್ತಿದ್ದಾಳೆ, ಮರಮ್ಮ ಅಂದಳಾ, ಊರಿಗೆ ಹತ್ತು ಜನ ಮರಮ್ಮಂದಿರು ಇರುತ್ತಾರೆ ಬಿಡು ಪದ್ಮಶ್ರೀ, ನೀನು ತಂತಿ ನೋಡು — ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಅಡುಗೆಮನೆಯ ಹೊಸ್ತಿಲ ಮೇಲೆ ಕೂತದ್ದು ಅವಳೇ. ಕೂದಲು ನರೆತಿದೆ, ಎಡಭುಜ ಮೊದಲಿನ ಹಾಗೇ ಸ್ವಲ್ಪ ಇಳಿದಿದೆ. ಹದಿನೇಳು ವರ್ಷವಾಯಿತು ನಾನು ಅವಳನ್ನು ನೋಡಿ. ಎದ್ದು ಓಡಿಹೋಗಬೇಕು ಅನಿಸಿತು, ಗಿಟಾರ್ ತೊಡೆಯ ಮೇಲಿತ್ತು.

ಪಿರಿಯಾಪಟ್ಟಣದ ಹತ್ತಿರ ನಮ್ಮೂರು, ನನ್ನಪ್ಪ ಸಿದ್ದಯ್ಯನದು ಎರಡು ಬ್ಯಾರನ್ನು, ಹೊಗೆಸೊಪ್ಪು ಬೇಯಿಸುವ ಎತ್ತರದ ಗೋಡೆಯ ಮನೆಗಳು, ಸೀಸನ್ನು ಬಂತೆಂದರೆ ಅದರ ಮುಂದಿನ ಚಪ್ಪರದಲ್ಲಿ ಹೆಂಗಸರು ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಾರೆ, ಒಬ್ಬಳು ದಾರ ಸುತ್ತಿ ಕಟ್ಟಬೇಕು, ಇನ್ನೊಬ್ಬಳು ಮೂರು ಮೂರು ಎಲೆ ಜೋಡಿಸಿ ಕೊಡಬೇಕು, ಕಟ್ಟುವವಳು ಮರಮ್ಮ, ಕೊಡುವವಳು ನಾನು, ಒಂಬತ್ತನೇ ಕ್ಲಾಸು, ಭಾನುವಾರವೆಲ್ಲ ಕೈಗೆ ಅಂಟು, ಊಟ ಮಾಡಿದರೂ ಬೆರಳು ಕಹಿ. ಅವಳ ಮಗ ಚಿಕ್ಕಮಾದು, ನಾಲ್ಕು ವರ್ಷ, ಪಕ್ಕದಲ್ಲೇ ಚಾಪೆಯ ಮೇಲೆ ಮಲಗಿರುತ್ತಿದ್ದ, ಎದ್ದರೆ ನನ್ನ ಜಡೆ ಎಳೆಯುವುದೇ ಕೆಲಸ, ಬುಡ್ಲಾ ಅಂದರೆ ಇನ್ನೂ ಜೋರಾಗಿ ಎಳೆಯುತ್ತಿದ್ದ, ಎರಡು ದಿನದ ಜ್ವರಕ್ಕೆ ಹೋಗಿಬಿಟ್ಟ, ಶನಿವಾರ ಮಣ್ಣು ಮಾಡಿದರು, ಭಾನುವಾರ ಬೆಳಿಗ್ಗೆ ಅಪ್ಪ ಅವಳ ಮನೆ ಮುಂದೆ ನಿಂತು ಹೇಳಿದ್ದನ್ನು ನಾನು ಅಪ್ಪನ ಬೆನ್ನ ಹಿಂದೆ ನಿಂತು ಕೇಳಿದ್ದೇನೆ, ನಂಗೂ ಗೊತ್ತಾಯ್ತದೆ ಕಣವ್ವ ಮರಮ್ಮ, ಆದ್ರೆ ನೆನ್ನೆ ಕಿತ್ತ ಸೊಪ್ಪು ರಾಶಿ ಬಿದ್ದದೆ, ಅದು ಕಾಯಾಕಿಲ್ಲ, ಇವತ್ತು ಕಟ್ಟಿ ಬ್ಯಾರನ್ನಿಗೆ ಏರಿಸ್ಲಿಲ್ಲ ಅಂದ್ರೆ ಪೂರಾ ಕೊಳ್ತೋಯ್ತದೆ. ಅವಳು ಬಂದಳು. ಅಳಲಿಲ್ಲ, ಚಾಪೆ ಇದ್ದ ಕಡೆ ತಿರುಗಲೂ ಇಲ್ಲ, ಮಧ್ಯಾಹ್ನದ ಹೊತ್ತಿಗೆ ನಾನು ಎಲೆ ಕೊಡುತ್ತಿರುವಾಗಲೇ ಅವಳ ಬಾಯಿಂದ ಪದ ಬಂತು, ಹಾಸಿದ ಚಾಪೆ ಹಾಸೇ ಅದೆ — ದಾರ ಸುತ್ತಿ ಎಳೆಯುವಷ್ಟು ಹೊತ್ತು ಸುಮ್ಮನೆ — ಎದ್ದೋದೋನು ಎಲ್ಲವ್ನೆ — ಮತ್ತೆ ದಾರ — ಚಿಕ್ಕಮಾದೂ. ಯಾರೂ ಕಲಿಸಿದ ಪದವಲ್ಲ, ಎಲೆ ಕಟ್ಟುತ್ತಾ ಕಟ್ಟುತ್ತಾ ಅವಳೇ ಕಟ್ಟಿದ್ದು, ಉಳಿದ ಹೆಂಗಸರು ತಲೆ ಎತ್ತಲಿಲ್ಲ, ನಾನು ಎಲೆ ಕೊಡುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು.

ಕದ್ದೆ ಅನ್ನುವುದಕ್ಕೆ ಇವತ್ತಿಗೂ ನಾಲಿಗೆ ತಿರುಗುವುದಿಲ್ಲ, ಜನಪದ ಅಂದರೆ ಎಲ್ಲರದೂ ತಾನೇ ಅಂತ ಎಷ್ಟು ಸಲ ಸಮಾಧಾನ ಹೇಳಿಕೊಂಡಿದ್ದೇನೋ, ಹಾಗಿದ್ದರೆ ಹಾಡಿನ ಕೆಳಗೆ ಸಾಹಿತ್ಯ ಸಂಗೀತ ಪದ್ಮಶ್ರೀ ಅಂತ ಯಾಕಮ್ಮ ಹಾಕಿಸಿಕೊಂಡೆ, ಹೇಳು. ಮೈಸೂರಿನಲ್ಲಿ ರೆಕಾರ್ಡ್ ಮಾಡುವಾಗ ಗಿಟಾರ್ ಕಲಿಸಿದ ತೇಜಸ್ ಅಂದ, ಹೆಸರಿದ್ರೆ ಇದು ಒಬ್ಬರ ಹಾಡು ಪದ್ಮ, ಹೆಸರು ತೆಗಿ, ಎಲ್ಲರ ಹಾಡಾಗುತ್ತೆ, ನಾನು ತಟ್ಟನೆ ಒಪ್ಪಿದೆ, ಒಪ್ಪಿದ್ದು ಅದಕ್ಕಲ್ಲ, ಹೆಸರಿದ್ದರೆ ಒಂದು ದಿನ ಯಾರಾದರೂ ಅದು ಯಾರು ಅಂತ ಕೇಳುತ್ತಾರೆ, ಕೇಳುತ್ತಾ ಕೇಳುತ್ತಾ ನನ್ನಪ್ಪನ ಚಪ್ಪರದವರೆಗೂ ಬರುತ್ತಾರೆ, ಗುಬ್ಬಿಯನ್ನು ಯಾರ ಮನೆಯದು ಅಂತ ಯಾರೂ ಕೇಳುವುದಿಲ್ಲ. ಚಿಕ್ಕಮಾದೂ ಇದ್ದಲ್ಲಿ ಪುಟ್ಟ ಗುಬ್ಬೀ ಬಂತು, ದಾರ ಸುತ್ತುವ ಜಾಗಕ್ಕೆ ಗಿಟಾರ್ ಬಂತು, ನನಗೆ ಹೆಸರು ಬಂತು, ಆಹಾ, ಹೆಸರು. ಈಗ ಹೇಳಿಬಿಡು, ಹೊಸ್ತಿಲ ಮೇಲೆ ಕೂತವಳನ್ನು ತೋರಿಸಿ ಇದು ಇವರ ಹಾಡು ಅನ್ನು, ಮೂರೇ ಮಾತು, ಯಾರೂ ನಿನ್ನನ್ನು ಹೊಡೆಯುವುದಿಲ್ಲ, ಎಂಥ ದೊಡ್ಡ ಮನಸ್ಸು ಅಂತ ಇನ್ನೂ ಜೋರಾಗಿ ಚಪ್ಪಾಳೆ ತಟ್ಟುತ್ತಾರೆ, ಥೂ, ಅದರಲ್ಲೂ ನಿನಗೆ ಚಪ್ಪಾಳೆಯೇ ಬೇಕು. ಈ ಹಾಡು, ಅಂದೆ, ನೀರು ಕುಡಿದೆ, ಮರಮ್ಮ ನನ್ನನ್ನೇ ನೋಡುತ್ತಿದ್ದಾಳೆ, ಗುರುತು ಸಿಕ್ಕಿತೋ ಇಲ್ಲವೋ ಆ ಮುಖದಲ್ಲಿ ಏನೂ ತಿಳಿಯುವುದಿಲ್ಲ, ಈ ಹಾಡು, ಒಂದು ಸಂಜೆ ಕಬಿನಿ ದಂಡೆಯಲ್ಲಿ ಒಬ್ಬಳೇ ಕೂತಿದ್ದಾಗ ಹುಟ್ಟಿದ್ದು — ಐದು ವರ್ಷದಿಂದ ಹೇಳಿ ಹೇಳಿ ಬಾಯಿಗೆ ರೂಢಿ, ತಾನೇ ಹೇಳಿಕೊಂಡು ಹೋಯಿತು, ನಾನು ಅದರ ಹಿಂದೆ ಹೋದೆ.

ಕಣ್ಣು ಮುಚ್ಚಿ ಹಾಡುತ್ತಿದ್ದೇನೆ, ಜನ ಇದನ್ನು ತನ್ಮಯತೆ ಅಂದುಕೊಳ್ಳುತ್ತಾರೆ, ಹೆದರಿಕೆ ಕಣ್ರೀ ಇದು, ಹಾಸಿದ ಚಾಪೆ ಹಾಸೇ ಅದೆ, ಕಬಿನಿ ದಂಡೆಯಲ್ಲಿ ಚಾಪೆ ಯಾಕೆ ಬಂತು ಅಂತ ಇಷ್ಟು ದಿನ ಒಬ್ಬರೂ ಕೇಳಲಿಲ್ಲ, ಕೊನೆಯ ಸಾಲು ಬರುತ್ತಿದೆ, ಹಾಡು ಹೋಗಲಿ, ಹೆಸರನ್ನಾದರೂ ಹೇಳು, ಅದಕ್ಕೆ ಯಾರ ಅಪ್ಪಣೆಯೂ ಬೇಡ, ಎದ್ದೋದೋನು ಎಲ್ಲವ್ನೆ, ಈಗ, ಚಿಕ್ಕಮಾ, ನಾಲಿಗೆಯ ತುದಿಯವರೆಗೂ ಬಂತು — ಮೂವತ್ತು ಜನ ಒಟ್ಟಿಗೆ ಪುಟ್ಟ ಗುಬ್ಬೀ ಅಂದರು, ಮೇಷ್ಟ್ರು, ಕೋಟೆಯ ಹುಡುಗಿ, ಸಿಂಧು, ಗೋಡೆ ಅದುರುವ ಹಾಗೆ, ನನ್ನ ದನಿಯೂ ಅವರ ಜೊತೆಗೇ ಹೋಯಿತು, ಪುಟ್ಟ ಗುಬ್ಬೀ, ಇನ್ನೊಂದು ಸಲ, ಪುಟ್ಟ ಗುಬ್ಬೀ, ಕಣ್ಣು ತೆರೆದರೆ ಹೊಸ್ತಿಲು ಖಾಲಿ, ನನಗೆ ಸಮಾಧಾನವಾಯಿತು, ನಾಚಿಕೆ ಬಿಟ್ಟು ಹೇಳುತ್ತೇನೆ, ಸಮಾಧಾನವೇ ಆಯಿತು.

ಚಪ್ಪಾಳೆ, ಫೋನು, ಮೇಷ್ಟ್ರು ಕಣ್ಣೊರೆಸಿಕೊಂಡು, ಏನು ಬರೆದಿದ್ದೀಯಮ್ಮ ಅನ್ನುತ್ತಿದ್ದಾರೆ, ಮರಮ್ಮ ಕಾಫಿ ತಟ್ಟೆ ಹಿಡಿದು ಬಂದಳು, ಒಬ್ಬೊಬ್ಬರಿಗೂ ಬಗ್ಗಿ ಕೊಡುತ್ತಾ ಜಮಖಾನದ ಅಂಚು ಹಿಡಿದು ಬರುತ್ತಿದ್ದಾಳೆ, ಕೊನೆಯ ಲೋಟ ನನ್ನದು, ತಟ್ಟೆ ಕಂಕುಳಿಗೆ ಸಿಕ್ಕಿಸಿಕೊಂಡು ಲೋಟವನ್ನು ಕೈಯಲ್ಲೇ ಚಾಚಿದಳು, ಸಿದ್ದಯ್ಯನೋರ ಮಗಳಲ್ವಾ ನೀನು, ಹೂಂ ಅಂದೆ, ಚೆಂದಾಗಿ ಹಾಡ್ತೀಯ ಕಣವ್ವ, ಪದ ತಕೊಂಡೋಗಿದ್ರೆ ತಕೊಂಡೋಗು ಬುಡು, ನಂಗೆ ಆಮೇಕೆ ಅದ ಹಾಡಾಕೇ ಆಗ್ನಿಲ್ಲ, ನನ್ ಮಗೀನ ಎಸ್ರು ಯಾಕವ್ವ ತಗ್ದೆ. ದನಿ ಎತ್ತಲಿಲ್ಲ, ಬೈಯಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಾಳೆ, ಅವಳಿಗೆ ಉತ್ತರ ಬೇಕು. ಇದ್ದಿದ್ರೆ ಈಟೊಂದ್ ಜನ ಒಟ್ಟಿಗೆ ಅವ್ನ ಕೂಗೋರು. ಮೇಷ್ಟ್ರ ಲೋಟ ಬಾಯಿಯ ಹತ್ತಿರ ನಿಂತಿದೆ, ಸಿಂಧು ನನ್ನ ಮುಖ ನೋಡುತ್ತಿದ್ದಾಳೆ, ಏನಾದರೂ ಹೇಳು, ಕ್ಷಮಿಸು ಅನ್ನು, ಚಿಕ್ಕಮಾದು ಅನ್ನು, ಲೋಟ ಹಿಡಿದ ಅವಳ ತೋರುಬೆರಳಿನ ಮೇಲೆ ಅಡ್ಡಕ್ಕೆ ದಾರ ಕುಯ್ದ ಗೀರು, ಹಳೆಯದು, ಆಳ, ನಾನು ಕೊಟ್ಟ ಎಲೆಗೆ ಎಷ್ಟು ಸಲ ದಾರ ಎಳೆದ ಬೆರಳು, ತಕಳವ್ವ ಆರೋಯ್ತದೆ ಅನ್ನುತ್ತಾಳೆ, ತೆಗೆದುಕೊಳ್ಳಬೇಕು, ಆ ಗೀರು, ಕೈ ಮೇಲೇಳುತ್ತಿಲ್ಲ, ಅವಳು ಚಾಚಿಯೇ ನಿಂತಿದ್ದಾಳೆ, ಬೆರಳ ಮೇಲೆ ಆ ಗೀರು, ಆ ಗೀರು